ಆಂಪ್ಲಿಫೈಯರ್ ಪೆಟ್ಟಿಗೆಯ ಒಳಗೋ, ಹೊರಗೋ?

ಮೈಸೂರಿನಲ್ಲಿ ಮಹಡಿಯ ಮೇಲಿನ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ವೀಣೆ, ಸುಗಮ ಸಂಗೀತ ರೆಕಾರ್ಡ್ ಮಾಡುವವರು ಈಗ ಕಡಿಮೆಯಿಲ್ಲ. ಅವರ ಮೇಜಿನ ಮೇಲಿರುವುದು ಹೆಚ್ಚಾಗಿ ಆಕ್ಟಿವ್ ಸ್ಪೀಕರ್, ಅಂದರೆ ಆಂಪ್ಲಿಫೈಯರ್ ಒಳಗೇ ಇರುವಂಥದು. ಕೆಳಗೆ ನಡುಮನೆಯಲ್ಲಿ ಅಪ್ಪನ ಕಾಲದ ಆಂಪ್ಲಿಫೈಯರ್ ಮತ್ತು ಅದರಿಂದ ನಡೆಯುವ ಜೋಡಿ ಪ್ಯಾಸಿವ್ ಪೆಟ್ಟಿಗೆಗಳು ಇನ್ನೂ ಹಾಡುತ್ತಿರುತ್ತವೆ. ಹೀಗಾಗಿ ಪ್ಯಾಸಿವ್ ಹಳೆಯದು, ಆಕ್ಟಿವ್ ಹೊಸದು ಎಂಬ ನಂಬಿಕೆ ಬೆಳೆದಿದೆ. ನಡೆದದ್ದು ಹಾಗಲ್ಲ. ಆಂಪ್ಲಿಫೈಯರ್ ಮೊದಲು ಇದ್ದದ್ದೇ ಪೆಟ್ಟಿಗೆಯೊಳಗೆ.

ಇಂದಿನ ಸ್ಪೀಕರಿನ ಮೂಲ ವಿನ್ಯಾಸ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರದು. ಕಾಗದದ ಕೋನ್, ಅದರ ಬುಡದಲ್ಲಿ ತಂತಿಯ ಸುರುಳಿ (ವಾಯ್ಸ್ ಕಾಯಿಲ್), ಸುತ್ತ ಅಯಸ್ಕಾಂತ. 1925ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮರುವರ್ಷ ಆರ್‌ಸಿಎ ಕಂಪನಿ ಮಾರಾಟಕ್ಕಿಟ್ಟ ರೇಡಿಯೋಲಾ 104 ಎಂಬ ಸ್ಪೀಕರಿನ ಪೆಟ್ಟಿಗೆಯಲ್ಲಿ ಸುಮಾರು 1 ವ್ಯಾಟ್ ಆಂಪ್ಲಿಫೈಯರ್ ಕೂಡ ಇತ್ತು. ಆಗ ಬಲವಾದ ಶಾಶ್ವತ ಅಯಸ್ಕಾಂತಗಳು ಸುಲಭಕ್ಕೆ ಸಿಗುತ್ತಿರಲಿಲ್ಲ. ಸ್ಪೀಕರಿಗೆ ವಿದ್ಯುತ್ ಅಯಸ್ಕಾಂತವೇ ಬೇಕಿತ್ತು, ಅದಕ್ಕೆ ರೇಡಿಯೋದ ಒಳಗಿನಿಂದಲೇ ಡಿಸಿ ಕರೆಂಟು ಕೊಡುತ್ತಿದ್ದರು. ಆ ವಿದ್ಯುತ್ ಅಯಸ್ಕಾಂತದ ಸುರುಳಿಯೇ ಪವರ್ ಸಪ್ಲೈನ ಗುಂಯ್‌ಗುಡುವಿಕೆಯನ್ನು ಸೋಸುವ ಕೆಲಸವನ್ನೂ ಮಾಡುತ್ತಿತ್ತು. ಸರ್ಕ್ಯೂಟಿನಿಂದ ಸ್ಪೀಕರನ್ನು ಬಿಡಿಸುವಂತೆಯೇ ಇರಲಿಲ್ಲ.

ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದ ಆಕಾಶವಾಣಿ ಶುರುಮಾಡಿದ್ದು ಆ ಕಾಲದಲ್ಲಿ. ಮುಂದೆ ಆಲ್ನಿಕೋ ಎಂಬ ಬಲವಾದ ಶಾಶ್ವತ ಅಯಸ್ಕಾಂತ ಬಂದು ಸ್ಪೀಕರಿಗೆ ಸ್ವಂತ ಬದುಕು ಸಿಕ್ಕಿತು. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರನ್ನು ಕಾಣಲು ಬಂದಿದ್ದ ಲಂಡನ್ನಿನ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್, ಅರಮನೆಯ ರೆಕಾರ್ಡ್ ಸಂಗ್ರಹದ ಜೊತೆಗೆ ಅಲ್ಲಿದ್ದ ಬಗೆಬಗೆಯ ಲೌಡ್‌ಸ್ಪೀಕರ್‌ಗಳನ್ನೂ ನೆನೆದು ಬರೆದಿದ್ದಾರೆ. ಸ್ಪೀಕರನ್ನು ಬೇರೆಯಾಗಿ ಆರಿಸಿ ಇಟ್ಟುಕೊಳ್ಳುವ ಕಾಲ ಬಂದಿತ್ತು.

ವಾಲ್ವ್ ಆಂಪ್ಲಿಫೈಯರುಗಳು ಭಾರ, ಮೇಲಾಗಿ ಸುಡುವಷ್ಟು ಬಿಸಿ. ಪೆಟ್ಟಿಗೆಯೊಳಗಿನ ಅದುರಾಟ ಅವಕ್ಕೆ ಆಗಿಬರುವುದಿಲ್ಲ. ಅವು ಹೊರಗೆ ಹೋದವು, ವೂಫರ್ (ತಗ್ಗಿನ ಸ್ವರಗಳ ಸ್ಪೀಕರ್) ಮತ್ತು ಟ್ವೀಟರ್ (ಏರು ಸ್ವರಗಳದು) ನಡುವೆ ಸದ್ದನ್ನು ಹಂಚುವ ಕೆಲಸ ಒಳಗಿನ ಕ್ರಾಸ್‌ಓವರ್‌ಗೆ ಉಳಿಯಿತು. ಪ್ಯಾಸಿವ್ ಸ್ಪೀಕರ್ ಎಂದರೆ ಇದು: ಆಂಪ್ಲಿಫೈಯರಿನಿಂದ ಬಲಗೊಂಡು ಬಂದ ಕರೆಂಟನ್ನು ಕಾಯಿಲ್, ಕೆಪಾಸಿಟರ್‌ಗಳಿಂದ ಭಾಗ ಮಾಡುವುದು. ಆಕ್ಟಿವ್‌ನಲ್ಲಿ ಮೊದಲು ಭಾಗ, ಆಮೇಲೆ ಬಲ. ಸಣ್ಣ ಸಿಗ್ನಲನ್ನೇ ಎರಡಾಗಿಸಿ, ವೂಫರ್‌ಗೊಂದು ಟ್ವೀಟರ್‌ಗೊಂದು ಆಂಪ್ಲಿಫೈಯರ್ ಕೊಡುತ್ತಾರೆ. ಆಂಪ್ಲಿಫೈಯರ್ ಎಲ್ಲಿ ಕೂತಿದೆ ಎಂಬುದಕ್ಕಿಂತ ಈ ಹಿಂದುಮುಂದೇ ಮುಖ್ಯ.

ಒಂದು ಹಳೆಯ ಪೆಟ್ಟಿಗೆಯ ಹಿಂಬದಿ ಬಿಚ್ಚಿ ನೋಡಿದರೆ ಇದು ಅರ್ಥವಾಗುತ್ತದೆ. ಟ್ವೀಟರಿನ ಸಾಲಿನಲ್ಲಿ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೇ ಇದೆಯೆನ್ನಿ. ಎದುರಿಗೆ 8 ಓಮ್ ಇದ್ದರೆ ಟ್ವೀಟರಿನ ಪಾಲು ಎಲ್ಲಿಂದ ಶುರು ಎಂಬ ಗೆರೆಯನ್ನು ಅದು ಸುಮಾರು 4,200 ಹರ್ಟ್ಸ್‌ನಲ್ಲಿ ಎಳೆಯುತ್ತದೆ. ಆ 8 ಓಮ್ ನಿಲ್ಲುವುದಿಲ್ಲ ಎಂಬುದೇ ತೊಡಕು. ತಾಮ್ರದ ಪ್ರತಿರೋಧ ಡಿಗ್ರಿಗೆ ಶೇಕಡಾ 0.39ರಂತೆ ಏರುತ್ತದೆ. ಜೋರಾಗಿ ನುಡಿಸಿ ವಾಯ್ಸ್ ಕಾಯಿಲ್ 100 ಡಿಗ್ರಿ ಹೆಚ್ಚು ಕಾದರೆ, 8 ಓಮ್ ಎಂದು ಬರೆದಿದ್ದರೂ ತಣ್ಣಗಿದ್ದಾಗ ಮೀಟರಿನಲ್ಲಿ 6 ಓಮ್ ತೋರಿಸಿದ್ದು 8 ದಾಟುತ್ತದೆ, ಗೆರೆಯೂ ಜರುಗುತ್ತದೆ. ವೂಫರಿನ ಸಾಲಿನ ಕಾಯಿಲ್‌ಗೂ ಅರ್ಧ ಓಮ್‌ನಷ್ಟು ಸ್ವಂತ ಪ್ರತಿರೋಧವಿರುವುದುಂಟು. ಕೋನನ್ನು ಹಿಡಿದು ನಿಲ್ಲಿಸುವ ಆಂಪ್ಲಿಫೈಯರಿನ ಬಿಗಿ ಅಲ್ಲೇ ಸಡಿಲವಾಗುತ್ತದೆ. ಆಕ್ಟಿವ್‌ನಲ್ಲೂ ವಾಯ್ಸ್ ಕಾಯಿಲ್ ಕಾಯುತ್ತದೆ, ಸದ್ದು ತುಸು ಕುಗ್ಗುತ್ತದೆ. ಆದರೆ ಗೆರೆ ಕದಲುವುದಿಲ್ಲ.

ಟ್ರಾನ್ಸಿಸ್ಟರ್ ಬಂದ ಮೇಲೆ ಆಂಪ್ಲಿಫೈಯರ್ ಮತ್ತೆ ಒಳಗೆ ಬರತೊಡಗಿತು. ಜರ್ಮನಿಯ ಕ್ಲೈನ್ ಅಂಡ್ ಹುಮ್ಮೆಲ್ 1960ರ ದಶಕದಲ್ಲೇ ಸ್ಟುಡಿಯೋಗಳಿಗೆ ಆಕ್ಟಿವ್ ಮಾನಿಟರ್ (ರೆಕಾರ್ಡಿಂಗ್ ಕೇಳಿ ಪರೀಕ್ಷಿಸುವ ಸ್ಪೀಕರ್) ಕೊಟ್ಟಿತು. 1976ರಲ್ಲಿ ಎಂಜಿನಿಯರ್ ಜಿಗ್‌ಫ್ರೀಡ್ ಲಿಂಕ್‌ವಿಟ್ಸ್ ಆಕ್ಟಿವ್ ಕ್ರಾಸ್‌ಓವರ್ ಕುರಿತು ಪ್ರಕಟಿಸಿದ ಪ್ರಬಂಧದಿಂದ ಬಂದ ಲಿಂಕ್‌ವಿಟ್ಸ್-ರೈಲಿ ಎಂಬ ಸದ್ದು ಹಂಚುವ ಫಿಲ್ಟರ್ ಇಂದಿಗೂ ಬಳಕೆಯಲ್ಲಿದೆ. ಫಿನ್ಲೆಂಡಿನ ಜೆನೆಲೆಕ್ 1978ರಲ್ಲಿ ಹುಟ್ಟಿ ಅಲ್ಲಿನ ಬಾನುಲಿಗೆ ಆಕ್ಟಿವ್ ಸ್ಪೀಕರ್ ಮಾಡಿತು. ಅದೇ ವರ್ಷ ಬಂದ ಬಿಳಿ ಕೋನಿನ ಯಮಹಾ ಎನ್ಎಸ್-10 ಪ್ಯಾಸಿವ್, ಸ್ಟುಡಿಯೋಗಳನ್ನು ಆವರಿಸಿಕೊಂಡದ್ದು ಅದೇ. ಕ್ಲಾಸ್-ಡಿ ಆಂಪ್ಲಿಫೈಯರ್ ಬಂದ ಮೇಲೆ ಆಕ್ಟಿವ್ ಸಣ್ಣ ಕೋಣೆಗಳಿಗೆ ಇನ್ನಷ್ಟು ಸುಲಭವಾಗಿ ತಲುಪಿತು. ಅದು ಅಷ್ಟಾಗಿ ಬಿಸಿಯಾಗುವುದಿಲ್ಲ, ಬಿಸಿ ಹೊರಹಾಕುವ ದೊಡ್ಡ ಹೀಟ್‌ಸಿಂಕ್ ಬೇಡ.

ಕೊಳ್ಳುವಾಗ ಒಂದು ಕಡೆ ಮೋಸಹೋಗುವುದುಂಟು. ಕರೆಂಟಿನ ವೈರ್ ಇದ್ದ ಮಾತ್ರಕ್ಕೆ ಅದು ಆಕ್ಟಿವ್ ಅಲ್ಲ. ಜೋಡಿಯಲ್ಲಿ ಒಂದಕ್ಕೆ ಮಾತ್ರ ಪ್ಲಗ್ ಇದ್ದು, ಅಲ್ಲಿಂದ ಇನ್ನೊಂದಕ್ಕೆ ಎರಡೇ ಎಳೆಯ ವೈರ್ ಹೋಗುತ್ತಿದ್ದರೆ, ಒಳಗಿರುವುದು ಪ್ಯಾಸಿವ್ ಕ್ರಾಸ್‌ಓವರೇ. ಆಂಪ್ಲಿಫೈಯರನ್ನು ಪೆಟ್ಟಿಗೆಗೆ ಸೇರಿಸಿದ್ದಾರೆ, ಅಷ್ಟೆ. ಅದು ಪವರ್ಡ್ ಸ್ಪೀಕರ್. ಟಿವಿಗೆ ಚೆನ್ನಾಗಿಯೇ ಇರುತ್ತದೆ, ಆಕ್ಟಿವ್‌ನ ಬೆಲೆ ಮಾತ್ರ ಕೊಡಬಾರದು.

ಇನ್ನು ಕೆಡುವ ಮಾತು. ಪ್ಯಾಸಿವ್ ಪೆಟ್ಟಿಗೆಯಲ್ಲಿ ಕೆಡುವುದು ಹೆಚ್ಚಾಗಿ ಮೂರೇ: ಕೋನಿನ ಅಂಚಿನ ಫೋಮ್ ಪುಡಿಯಾಗುತ್ತದೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗುತ್ತದೆ, ವಾಯ್ಸ್ ಕಾಯಿಲ್ ಸುಡುತ್ತದೆ. ಮಲ್ಟಿಮೀಟರ್ ಇಟ್ಟರೆ 8 ಓಮ್‌ನ ಡ್ರೈವರ್ (ಒಳಗಿನ ವೂಫರ್ ಅಥವಾ ಟ್ವೀಟರ್) 6ರಿಂದ 7 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಮೂರನ್ನೂ ಬೆಸುಗೆ, ವೈಂಡಿಂಗ್ ಬಲ್ಲವರು ಊರಲ್ಲೇ ಸರಿಮಾಡುತ್ತಾರೆ. ವೈರ್‌ಗೂ ದುಬಾರಿ ಕೇಬಲ್ ಬೇಡ. 1.5 ಚದರ ಮಿಲಿಮೀಟರಿನ ಮನೆ ವೈರಿಂಗ್ ತಂತಿ 10 ಮೀಟರ್ ಎಳೆದರೂ ಹೋಗಿಬರುವ ಪ್ರತಿರೋಧ ಕಾಲು ಓಮ್ ದಾಟುವುದಿಲ್ಲ. ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಮನೆಯ ಸ್ಪೀಕರಿಗೆ ಪ್ಯಾಸಿವ್ ಇವತ್ತಿಗೂ ಸರಿಯಾದ ಆಯ್ಕೆ ಎನ್ನಲು ಇದೇ ಕಾರಣ.

ಆಕ್ಟಿವ್‌ನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಪವರ್ ಸಪ್ಲೈ. ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ ಅದರ ಕೆಪಾಸಿಟರ್‌ಗಳು ಹಗಲಿರುಳು ಕಾದು ಉಬ್ಬುತ್ತವೆ. ಮುಂಗಾರಿನ ಗುಡುಗಿಗೆ, ಕರೆಂಟು ಹೋಗಿ ಬರುವ ಹೊಡೆತಕ್ಕೆ ಬೋರ್ಡ್ ಸುಡುವುದೂ ಉಂಟು, ಅದೇ ಬೋರ್ಡ್ ಸಿಗದಿದ್ದರೆ ಒಳ್ಳೆಯ ಡ್ರೈವರುಗಳಿದ್ದೂ ಪೆಟ್ಟಿಗೆ ಮೂಲೆ ಸೇರುತ್ತದೆ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸಿ, ಗುಡುಗಿದರೆ ಪ್ಲಗ್ ಕಿತ್ತಿಡಿ. ಹಾಕುವಾಗ ಸ್ಪೀಕರ್ ಕೊನೆಗೆ, ಆರಿಸುವಾಗ ಮೊದಲಿಗೆ. ಇಲ್ಲದಿದ್ದರೆ ಮಿಕ್ಸರಿನ ದಡಕ್ ಸದ್ದು ನೇರ ಟ್ವೀಟರಿಗೆ ಹೋಗುತ್ತದೆ. ಗುಂಯ್ ಎನ್ನುತ್ತಿದೆಯೆಂದು ಅರ್ಥಿಂಗ್ ಪಿನ್ ಮುರಿಯುವವರಿದ್ದಾರೆ. ಪ್ರಾಣಕ್ಕೆ ಅಪಾಯ, ಖಂಡಿತ ಬೇಡ. ಕಂಪ್ಯೂಟರ್ ಮತ್ತು ಎರಡೂ ಸ್ಪೀಕರುಗಳಿಗೆ ಒಂದೇ ಅರ್ಥಿಂಗ್ ಇರುವ ಬೋರ್ಡಿನಿಂದ ಕರೆಂಟು ಕೊಟ್ಟು, ಬ್ಯಾಲೆನ್ಸ್ಡ್ ಕೇಬಲ್ (ಸಿಗ್ನಲಿಗೇ ಎರಡು ಎಳೆ ಇರುವುದು) ಹಾಕಿದರೆ ಬಹುಪಾಲು ಗುಂಯ್‌ಗುಡುವಿಕೆ ನಿಲ್ಲುತ್ತದೆ.

ಇಷ್ಟಾದರೂ ಮಂದ್ರದಲ್ಲಿ ಏನೋ ಕೊರತೆಯೆನಿಸಿದರೆ ಸ್ಪೀಕರನ್ನಲ್ಲ, ಹಿಂದಿನ ಗೋಡೆಯನ್ನು ನೋಡಬೇಕು. ವೀಣೆಯ ಸಾರಣಿಯ (ಮೊದಲ ತಂತಿಯ) ಷಡ್ಜ 165 ಹರ್ಟ್ಸ್‌ಗಿದ್ದರೆ ಮಂದ್ರ ಷಡ್ಜ 82ರ ಸುಮಾರಿಗೆ ಬರುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ 1 ಮೀಟರ್ ಮುಂದಿದ್ದರೆ, ಗೋಡೆಗೆ ಬಡಿದು ಮರಳುವ ಅಲೆ 86 ಹರ್ಟ್ಸ್ ಆಸುಪಾಸಿನಲ್ಲಿ ನೇರ ಸದ್ದನ್ನೇ ಅಳಿಸುತ್ತದೆ. ಮಂದ್ರದ ತಂತಿಯ ಮೂಲ ಸ್ವರ ಕೋಣೆಯಲ್ಲಿ ಸರಿಯಾಗಿ ಕೇಳದು, ಕೇಳದ್ದನ್ನು ಮಿಕ್ಸ್ ಮಾಡುವವರು ಮಿತಿಮೀರಿ ಏರಿಸುತ್ತಾರೆ. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ಒಂದು ಗೇಣಷ್ಟೇ ಉಳಿಯುವಂತೆ ಹಿಂದಕ್ಕೆ ಸರಿಸಿ, ಗೋಡೆಯಿಂದ ಹೆಚ್ಚುವ ಬಾಸನ್ನು ಹಿಂಬದಿಯ ಸ್ವಿಚ್ಚಿನಲ್ಲಿ 2 ಅಥವಾ 4 ಡೆಸಿಬೆಲ್ ಇಳಿಸಿ ಮತ್ತೆ ಕೇಳಿ. ಆ ಸ್ವಿಚ್ ಇರುವುದು ಅದಕ್ಕೇ. ಪ್ಯಾಸಿವ್ ಆದರೆ ಇದೇ ಕೆಲಸಕ್ಕೆ ಆಂಪ್ಲಿಫೈಯರಿನ ಬಾಸ್ ಗುಬುಟನ್ನು ತುಸು ಹಿಂದಕ್ಕೆ ತಿರುಗಿಸಿ.