ಟೆಸ್ಟ್ ಕಿಟ್‌ನ ಕೆಂಪು ಗೆರೆ: ಚಿನ್ನಕ್ಕೂ ಉಪ್ಪಿಗೂ ಹಳೇ ಜಗಳ

ಪ್ರೆಗ್ನೆನ್ಸಿ ಕಿಟ್‌ನಲ್ಲಾಗಲಿ, ಕೋವಿಡ್ ಕಾಲದ ರ‍್ಯಾಪಿಡ್ ಆಂಟಿಜೆನ್ ಕಿಟ್‌ನಲ್ಲಾಗಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ್ದೇ. ಸುಮಾರು 40 ನ್ಯಾನೊಮೀಟರ್ ಗಾತ್ರದ ಕಣಗಳು. ಅಷ್ಟು ಸಣ್ಣದಾದ ಚಿನ್ನ ಹಸಿರು ಬೆಳಕನ್ನು ಹೀರಿಕೊಂಡು ಮಾಣಿಕ್ಯದಂತೆ ಕೆಂಪಗೆ ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟಿದವೋ, ಬಣ್ಣ ನೀಲಿಗೆ ತಿರುಗುತ್ತದೆ. ಹಾಗೆ ಅಂಟಿಸಲು ಚಿಟಿಕೆ ಉಪ್ಪು ಸಾಕು. ಮೂತ್ರದಲ್ಲೂ ರಕ್ತದಲ್ಲೂ ಇರುವುದು ಅದೇ ಉಪ್ಪು.

ಈ ತೊಡಕನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1857ರಲ್ಲೇ ಬರೆದಿಟ್ಟಿದ್ದ. ಗೋಲ್ಡ್ ಕ್ಲೋರೈಡನ್ನು ರಂಜಕದಿಂದ ಅಪಕರ್ಷಿಸಿ (ಅಂದರೆ ಅದರಲ್ಲಿನ ಚಿನ್ನವನ್ನು ಬೇರ್ಪಡಿಸಿ) ಅವನು ಪಡೆದ ಕೆಂಪು ದ್ರವ ಉಪ್ಪು ಬಿದ್ದೊಡನೆ ನೀಲಿಯಾಗುತ್ತಿತ್ತು. ಜೆಲಟಿನ್ ಬೆರೆಸಿದರೆ ಕೆಂಪಾಗಿಯೇ ಉಳಿಯುತ್ತಿತ್ತು. ರಸಾಯನಶಾಸ್ತ್ರಜ್ಞ ರಿಚರ್ಡ್ ಝಿಗ್ಮಾಂಡಿ ಇದನ್ನೇ ಅಳತೆಗೋಲಾಗಿಸಿದ. 10 ಮಿ.ಲೀ. ಚಿನ್ನದ ಕಲಿಲಕ್ಕೆ (ಸಣ್ಣ ಕಣಗಳು ತೇಲುವ ದ್ರವಕ್ಕೆ) 1 ಮಿ.ಲೀ. 10% ಉಪ್ಪುನೀರು ಹಾಕಿದಾಗ ಬಣ್ಣ ಕೆಡದಂತೆ ತಡೆಯಲು ಎಷ್ಟು ಮಿಲಿಗ್ರಾಂ ಪ್ರೋಟೀನ್ ಬೇಕೋ ಅದೇ 'ಗೋಲ್ಡ್ ನಂಬರ್'. ಕಲಿಲಗಳ ಮೇಲಿನ ಕೆಲಸಕ್ಕೆ ಅವನಿಗೆ 1925ರ ನೊಬೆಲ್ ಬಂತು.

ಕಣಗಳ ಗಾತ್ರ ಹತೋಟಿಗೆ ಬಂದದ್ದು ತಡವಾಗಿ. 1951ರಲ್ಲಿ ಟರ್ಕೆವಿಚ್ ಎಂಬ ವಿಜ್ಞಾನಿ, ಸಿಟ್ರೇಟ್ ಬಳಸಿ ಚಿನ್ನದ ಕಣ ತಯಾರಿಸುವ ವಿಧಾನವನ್ನು ಕೂಲಂಕಷವಾಗಿ ಪರಿಶೀಲಿಸಿದ; 1973ರಲ್ಲಿ ಫ್ರೆನ್ಸ್ ಎಂಬ ಇನ್ನೊಬ್ಬ ಅದರ ಲೆಕ್ಕ ಕೊಟ್ಟ. 0.01% ಕ್ಲೋರೋಆರಿಕ್ ಆಮ್ಲ (ಚಿನ್ನದ ಸಂಯುಕ್ತ) 50 ಮಿ.ಲೀ. ಕುದಿಸಿ, 1% ಟ್ರೈಸೋಡಿಯಂ ಸಿಟ್ರೇಟ್ 1 ಮಿ.ಲೀ. ಸುರಿದರೆ 16 ನ್ಯಾನೊಮೀಟರ್, ಅರ್ಧ ಮಿ.ಲೀ. ಸುರಿದರೆ 41. ಸಿಟ್ರೇಟ್ ಕಡಿಮೆಯಾದಷ್ಟೂ ಕಣ ದೊಡ್ಡದು. ಫ್ಲಾಸ್ಕನ್ನು ಮೊದಲು ಆಕ್ವಾ ರೀಜಿಯಾದಲ್ಲಿ (ಚಿನ್ನವನ್ನೂ ಕರಗಿಸುವ ಆಮ್ಲಮಿಶ್ರಣದಲ್ಲಿ) ತೊಳೆದು, ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಿಸಲೇಬೇಕು. ಗಾಜಿಗಂಟಿದ ಹಳೇ ಚೂರು ಒಂದಿದ್ದರೂ ಕಣಗಳು ಅಡ್ಡಾದಿಡ್ಡಿ ಬೆಳೆಯುತ್ತವೆ.

1971ರಲ್ಲಿ ಫಾಕ್ ಮತ್ತು ಟೇಲರ್ ಎಂಬ ಸಂಶೋಧಕರು ಪ್ರತಿಕಾಯಗಳಿಗೆ (ನಿರ್ದಿಷ್ಟ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿಗೆ) ಚಿನ್ನ ಅಂಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ರೋಗಪರೀಕ್ಷೆಯತ್ತ ಹೊರಳಿದ್ದು 1980ರ ಸುಮಾರಿಗೆ.

ಕೆಲಸ ಕೆಡುವುದು ಹೆಚ್ಚಾಗಿ ಈ ಅಂಟಿಸುವ ಹಂತದಲ್ಲೇ. ಪ್ರತಿಕಾಯ ಬರುವುದೇ ಉಪ್ಪಿನ ಬಫರಿನಲ್ಲಿ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣದಲ್ಲಿ). ಡಯಾಲಿಸಿಸ್ ಮಾಡಿ ಆ ಉಪ್ಪನ್ನು ತೆಗೆಯದೆ ಸುರಿದರೆ ಬಾಟಲಿ ಕಣ್ಣೆದುರೇ ನೀಲಿಯಾಗುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿ ಪಿಎಚ್ ಅನ್ನು 8.5–9ರ ಹತ್ತಿರ ತರಬೇಕು. ಪ್ರೋಟೀನ್ ಸೇರದ ಬರಿಯ ಚಿನ್ನದಲ್ಲಿ ಪಿಎಚ್ ಮೀಟರಿನ ಎಲೆಕ್ಟ್ರೋಡ್ ಅದ್ದಿದರೆ ಅದು ಕಟ್ಟಿಕೊಳ್ಳುವುದರಿಂದ ಪಿಎಚ್ ಪೇಪರ್ ವಾಸಿ. ಆಮೇಲೆ ಸಾಲಾಗಿ ಟ್ಯೂಬುಗಳಲ್ಲಿ ಪ್ರತಿಕಾಯ ಏರಿಸುತ್ತ ಹೋಗಿ, ಹತ್ತು ನಿಮಿಷ ಬಿಟ್ಟು, 10% ಉಪ್ಪುನೀರು ಹಾಕುವುದು. ಕೆಂಪಾಗಿ ಉಳಿದ ಮೊದಲ ಟ್ಯೂಬಿನ ಪ್ರಮಾಣವೇ ಕನಿಷ್ಠ. ಅದಕ್ಕಿಂತ ತುಸು ಹೆಚ್ಚು ಬಳಸಿ, ಕಣದ ಮೇಲೆ ಉಳಿದ ಜಾಗವನ್ನು ಬಿಎಸ್‌ಎ ಎಂಬ, ಹಸುವಿನ ರಕ್ತದಿಂದ ಪಡೆದ ಪ್ರೋಟೀನಿನಿಂದ ಮುಚ್ಚುತ್ತಾರೆ. ಝಿಗ್ಮಾಂಡಿಯ ಪರೀಕ್ಷೆಯೇ ಇದು, ಹೆಸರಷ್ಟೇ ಬೇರೆ. ತಯಾರಾದ ದ್ರವವನ್ನು ಫ್ರೀಜರಿನಲ್ಲಿಟ್ಟರೆ ಕಣಗಳು ಮತ್ತೆ ಗಂಟು.

ಕಿಟ್‌ನಲ್ಲಿ ಇದನ್ನು ಪ್ಯಾಡಿನ ಮೇಲೆ ಒಣಗಿಸಿರುತ್ತಾರೆ. ಹನಿ ಬಿದ್ದಾಗ ಕರಗಿ ನೈಟ್ರೋಸೆಲ್ಯುಲೋಸ್ ಪಟ್ಟಿಯ ಮೇಲೆ ಹರಿಯುತ್ತದೆ. ಪೊಟ್ಟಣ ಒಡೆದು ದಿನಗಟ್ಟಲೆ ತೇವಕ್ಕೆ ಬಿಟ್ಟರೆ ಪ್ಯಾಡಿನಲ್ಲಿರುವುದು ಕೆಡಬಹುದು. ಸೂಚಿಸಿದ ಸಮಯ ದಾಟಿದ ಮೇಲೆ ಕಾಣುವ ಮಸುಕು ಗೆರೆಯನ್ನು ನಂಬುವಂತಿಲ್ಲ. 'ಸಿ' (ಕಂಟ್ರೋಲ್, ಅಂದರೆ ಕಿಟ್ ಕೆಲಸ ಮಾಡಿದೆಯೆಂದು ತೋರಿಸುವ) ಗೆರೆಯೇ ಮೂಡದಿದ್ದರೆ ಚಿನ್ನ ಅಲ್ಲಿಗೆ ತಲುಪಿಲ್ಲ ಅಥವಾ ಅದರ ಮೇಲಿನ ಪ್ರತಿಕಾಯ ಸತ್ತಿದೆ ಎಂದರ್ಥ. 'ಟಿ' (ಟೆಸ್ಟ್, ಅಂದರೆ ಫಲಿತಾಂಶದ) ಗೆರೆ ಏನೇ ಹೇಳಲಿ, ಆ ಕಿಟ್ ಬಿಸಾಡಿ ಇನ್ನೊಂದು ತೆಗೆಯಬೇಕು.