ಪ್ಲಾಟ್ ವಿಂಡೋನ ಜೀವ ಯಾರ ಕೈಲಿದೆ? ಲಿಸ್ಪ್‌ನಲ್ಲಿ ಗ್ರಾಫ್ ಬಿಡಿಸೋರಿಗೆ

ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿರೋರು ನನ್ನ ಹತ್ರ ತರೋ ತೊಂದರೆಗಳಲ್ಲಿ ಒಂದು ಮಾತ್ರ ತಪ್ಪದೇ ಬರತ್ತೆ. ರೆಪಲ್‌ನಲ್ಲಿ (ಒಂದೊಂದೇ ಸಾಲು ಟೈಪ್ ಮಾಡಿ ತಕ್ಷಣ ಉತ್ತರ ನೋಡೋ ಲಿಸ್ಪ್ ಪ್ರಾಂಪ್ಟಲ್ಲಿ) ಕೂತು ಪ್ಲಾಟ್ ಫಂಕ್ಷನ್ ಕರೆದ್ರೆ ವಿಂಡೋ ಚೆನ್ನಾಗಿ ತೆರ್ಕೊಳ್ಳತ್ತೆ, ಜೂಮ್ ಮಾಡಬಹುದು, ಎಲ್ಲಾ ಸರಿ, ಅದೇ ಕೋಡನ್ನ ಒಂದು ಫೈಲಲ್ಲಿ ಹಾಕಿ ಲಿಸ್ಪ್ ಓಡಿಸೋ ಎಸ್‌ಬಿಸಿಎಲ್ ಅನ್ನೋ ಪ್ರೋಗ್ರಾಮಿನ ಸ್ಕ್ರಿಪ್ಟ್ ಮೋಡಲ್ಲಿ ಓಡಿಸಿದ್ರೆ ವಿಂಡೋ ಬಂದ ಹಾಗೆ ಮಾಡಿ ಹೋಗೇಬಿಡತ್ತೆ. ಎರರ್ ಇಲ್ಲ, ಏನಿಲ್ಲ. ಆಮೇಲೆ ಕೋಡ್ ಕೊನೆಗೆ ಒಂದು ಸ್ಲೀಪ್ ಸೇರಿಸಿ ಐದು ಸೆಕೆಂಡ್ ನೋಡ್ತಾರೆ, ಸಾಕಾಗಲ್ಲ ಅಂತ ಅರವತ್ತು ಮಾಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ವಿಂಡೋನ ಜೀವ ಯಾರ ಕೈಲಿದೆ ಅಂತ ಒಂದ್ಸಲ ಗೊತ್ತಾದ್ರೆ ಈ ಸ್ಲೀಪ್ ಎಲ್ಲೂ ಬೇಕಾಗಲ್ಲ.

ಕಾಮನ್ ಲಿಸ್ಪ್‌ನ (ಲಿಸ್ಪ್‌ನ ಒಂದು ಪ್ರಮುಖ ರೂಪ) ವಿಜಿಪ್ಲಾಟ್, ಈಜಿ-ಗ್ನೂಪ್ಲಾಟ್ ತರದ ಲೈಬ್ರರಿಗಳು ತಾವೇ ಚಿತ್ರ ಬಿಡಿಸಲ್ಲ. ಲಿಸ್ಪ್‌ನಲ್ಲೇ ಬರೆದಿರೋ ಗಣಿತದ ಪ್ರೋಗ್ರಾಮ್ ಮ್ಯಾಕ್ಸಿಮಾ ಕೂಡ ಮಾಮೂಲಿಯಾಗಿ ಗ್ರಾಫ್ ಕೆಲಸನ ಗ್ನೂಪ್ಲಾಟ್‌ಗೇ ಒಪ್ಪಿಸತ್ತೆ. ಗ್ನೂಪ್ಲಾಟ್ 1986ರಿಂದ ಇರೋ, ಗ್ರಾಫ್ ಬಿಡಿಸೋ ಪ್ರೋಗ್ರಾಮ್ (ಹೆಸರಲ್ಲಿ ಗ್ನೂ ಇದ್ರೂ ಗ್ನೂ ಪ್ರಾಜೆಕ್ಟಿಗೂ ಅದಕ್ಕೂ ಸಂಬಂಧ ಇಲ್ಲ). ನಿಮ್ಮ ಲಿಸ್ಪ್ ಮಾಡೋದು ಇಷ್ಟೇ, ಗ್ನೂಪ್ಲಾಟನ್ನ ಬೇರೆ ಪ್ರೋಸೆಸ್ ಆಗಿ ಎಬ್ಬಿಸಿ, ಒಂದು ಪೈಪ್ (ಒಂದು ಪ್ರೋಗ್ರಾಮಿಂದ ಇನ್ನೊಂದಕ್ಕೆ ಅಕ್ಷರಗಳು ಹೋಗೋ ದಾರಿ) ಇಟ್ಕೊಂಡು, ಆ ಪೈಪೊಳಗೆ ಕಮಾಂಡ್‌ಗಳನ್ನ ಬರೀ ಅಕ್ಷರ ರೂಪದಲ್ಲಿ ಕಳಿಸೋದು. ವಿಂಡೋ ಲಿಸ್ಪ್‌ದಲ್ಲ, ಗ್ನೂಪ್ಲಾಟ್‌ದು. ಸ್ಕ್ರಿಪ್ಟ್ ಮುಗೀತು ಅಂದ್ರೆ ಲಿಸ್ಪ್ ಹೋಯ್ತು, ಪೈಪ್ ಮುಚ್ಚಿತು, ಇನ್‌ಪುಟ್ ಮುಗೀತು ಅಂತ ಗ್ನೂಪ್ಲಾಟ್ ತಾನೂ ಎದ್ದು ಹೋಯ್ತು, ಜೊತೆಗೆ ವಿಂಡೋನೂ.

ಇದಕ್ಕೆ ಎಲ್ಲರೂ ಮೊದಲು ಹೇಳೋ ಮದ್ದು ಪರ್ಸಿಸ್ಟ್ ಆಪ್ಷನ್. ಅದನ್ನ ಕೊಟ್ರೆ ಗ್ನೂಪ್ಲಾಟ್ ಹೋದ್ಮೇಲೂ ವಿಂಡೋ ಉಳಿಯತ್ತೆ ನಿಜ, ಆದ್ರೆ ಉಳಿಯೋದು ಹೆಚ್ಚುಕಮ್ಮಿ ಚಿತ್ರ ಅಷ್ಟೇ. ಜೂಮ್ ಮಾಡಿದಾಗ ಹೊಸ ರೇಂಜಲ್ಲಿ ಮತ್ತೆ ಬಿಡಿಸಬೇಕಾದ ಮುಖ್ಯ ಪ್ರೋಸೆಸ್ಸೇ ಇಲ್ವಲ್ಲ. ಹಾಗಾಗಿ ಸ್ಕ್ರಿಪ್ಟ್‌ನಿಂದ ತೋರಿಸೋದಾದ್ರೆ ನಾನು ಕೊನೇ ಸಾಲಾಗಿ ಪಾಸ್ ಮೌಸ್ ಕ್ಲೋಸ್ ಅನ್ನೋ ಕಮಾಂಡ್ ಕಳಿಸ್ತೀನಿ, ಆಮೇಲೆ ಸ್ಟ್ರೀಮ್ (ಪೈಪಿನ ಲಿಸ್ಪ್ ಕಡೆಯ ತುದಿ) ಮುಚ್ಚಿ, ಯುಐಒಪಿ ಅನ್ನೋ ಲಿಸ್ಪ್ ಲೈಬ್ರರಿಯ ವೇಟ್-ಪ್ರೋಸೆಸ್ ಕರೆದು ಲಿಸ್ಪನ್ನ ಅಲ್ಲೇ ಕಾಯಿಸ್ತೀನಿ. ನೋಡೋರು ವಿಂಡೋನ ಮುಚ್ಚಿದಾಗ್ಲೇ ಗ್ನೂಪ್ಲಾಟ್ ಮುಂದೆ ಹೋಗತ್ತೆ, ಇನ್‌ಪುಟ್ ಮುಗಿದಿರತ್ತೆ, ಅದು ಎಕ್ಸಿಟ್ ಆಗತ್ತೆ, ಆಮೇಲೆ ಲಿಸ್ಪ್ ಕೂಡ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.

ರೆಪಲ್‌ನಲ್ಲಿ ಮಾತ್ರ ಹೀಗೆ ಕಾಯಿಸೋ ಹಾಗಿಲ್ಲ, ಅಲ್ಲಿ ವಿಂಡೋನೂ ತೆರೆದಿರಬೇಕು, ನಮ್ಮ ಪ್ರಾಂಪ್ಟೂ ನಮಗೆ ವಾಪಸ್ ಬೇಕು. ಯುಐಒಪಿಯ ರನ್-ಪ್ರೋಗ್ರಾಮ್ ಬದಲು ಲಾಂಚ್-ಪ್ರೋಗ್ರಾಮ್ ಬಳಸಬೇಕಾದ್ದು ಇಲ್ಲೇ, ಮೊದಲನೇದು ಆ ಪ್ರೋಸೆಸ್ ಮುಗಿಯೋವರೆಗೂ ಕೂತಿರತ್ತೆ, ಎರಡನೇದು ಎಬ್ಬಿಸಿ ತಕ್ಷಣ ವಾಪಸ್ ಬರತ್ತೆ. ಇನ್‌ಪುಟ್‌ಗೆ ಸ್ಟ್ರೀಮ್ ಅಂತ ಕೇಳಿ ಆ ಪ್ರೋಸೆಸ್ಸನ್ನ ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಕೊಳ್ಳಿ. ಪ್ರತಿ ಕಮಾಂಡ್ ಆದ್ಮೇಲೆ ಹೊಸ ಸಾಲು, ಆಮೇಲೆ ಫಿನಿಶ್-ಔಟ್‌ಪುಟ್. ಇದನ್ನ ಬಿಟ್ಟವರು ಅದೆಷ್ಟು ಜನ! ಕಮಾಂಡ್ ಲಿಸ್ಪ್‌ನ ಬಫರಲ್ಲೇ ಕೂತಿರತ್ತೆ, ಗ್ನೂಪ್ಲಾಟ್‌ಗೆ ತಲುಪೇ ಇರಲ್ಲ, ಇವರು ಗ್ನೂಪ್ಲಾಟ್ ಕೆಟ್ಟಿದೆ ಅಂತ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡ್ತಿರ್ತಾರೆ.

ವಿಂಡೋ ಬಂತು, ಆದ್ರೆ ಮೌಸ್ ಕೆಲಸ ಮಾಡ್ತಿಲ್ಲ ಅಂದ್ರೆ? ಕಮಾಂಡ್‌ಗಳು ಮನುಷ್ಯರಿಂದ ಬರದೇ ಫೈಲಿಂದಲೋ ಪೈಪಿಂದಲೋ ಬರ್ತಿದ್ರೆ ಗ್ನೂಪ್ಲಾಟ್ ಮೌಸನ್ನ ತಾನಾಗಿ ಆನ್ ಮಾಡದೇ ಇರಬಹುದು, ನೀವೇ ಸೆಟ್ ಮೌಸ್ ಅಂತ ಕಳಿಸಿಬಿಡಿ. ಆಮೇಲೆ ರೈಟ್ ಕ್ಲಿಕ್‌ನಿಂದ ಜೂಮ್ ಬಾಕ್ಸ್ ಶುರು, ಯು ಒತ್ತಿದ್ರೆ ಜೂಮ್ ವಾಪಸ್, ಪಿ ಒತ್ತಿದ್ರೆ ಹಿಂದಿನ ಜೂಮ್, ಜಿ ಅಂದ್ರೆ ಗ್ರಿಡ್, ಆರ್ ಅಂದ್ರೆ ಅಳತೆಪಟ್ಟಿ. ಎರಡು ಗ್ರಾಫ್ ಅಕ್ಕಪಕ್ಕ ಬೇಕಿದ್ರೆ ಸೆಟ್ ಟರ್ಮ್ ಕ್ಯೂಟಿ 0, ಸೆಟ್ ಟರ್ಮ್ ಕ್ಯೂಟಿ 1 ಅಂತ ನಂಬರ್ ಕೊಡಿ (ಕ್ಯೂಟಿ ಅನ್ನೋದು ಗ್ನೂಪ್ಲಾಟ್‌ನ ಒಂದು ಬಗೆಯ ವಿಂಡೋ), ಇಲ್ಲಾಂದ್ರೆ ಎರಡನೇದು ಮೊದಲನೇದರ ಮೇಲೇ ಕೂರತ್ತೆ. ಪ್ರತಿ ಸಲ ಬಿಡಿಸಿದಾಗ ವಿಂಡೋ ಎಡಿಟರ್ ಮುಂದೆ ಹಾರಿ ಬಂದು ಟೈಪ್ ಮಾಡೋಕೆ ಬಿಡ್ತಿಲ್ಲ ಅಂದ್ರೆ ಅದೇ ಸಾಲಲ್ಲಿ ನೋರೈಸ್ ಸೇರಿಸಿ.

ಡೇಟಾನ ಹೇಗೆ ಕಳಿಸ್ತೀರ ಅನ್ನೋದಕ್ಕೂ ಜೂಮ್‌ಗೂ ಸಂಬಂಧ ಇದೆ. ಪ್ಲಾಟ್ ಕಮಾಂಡಲ್ಲಿ ಫೈಲ್ ಹೆಸರಿನ ಜಾಗಕ್ಕೆ ಬರೀ ಡ್ಯಾಶ್ ಹಾಕಿ ಕೆಳಗೇ ಸಂಖ್ಯೆಗಳನ್ನ ಸುರಿಯೋ ಹಳೇ ಪದ್ಧತಿ ಇದೆ, ಅದರಲ್ಲಿ ರೀಪ್ಲಾಟ್ (ಮತ್ತೆ ಬಿಡಿಸು) ಅಂದ್ರೆ ಗ್ನೂಪ್ಲಾಟ್ ಮತ್ತೆ ಪೈಪಿಂದಲೇ ಡೇಟಾ ಕೇಳತ್ತೆ, ಪೈಪಲ್ಲಿ ಇರೋದು ನಿಮ್ಮ ಮುಂದಿನ ಕಮಾಂಡ್. 5.0 ವರ್ಷನ್‌ನಿಂದ ಡೇಟಾಬ್ಲಾಕ್ ಅಂತ ಬಂದಿದೆ, ಡಾಲರ್ ಚಿಹ್ನೆಯಿಂದ ಶುರುವಾಗೋ ಹೆಸರು ಕೊಟ್ಟು ಡೇಟಾನ ಗ್ನೂಪ್ಲಾಟ್‌ನ ಮೆಮೊರಿಯಲ್ಲೇ ಇಟ್ಟುಬಿಡಬಹುದು. ನಾನೀಗ ಅದನ್ನ ಬಿಟ್ಟು ಬೇರೆ ಬಳಸಲ್ಲ.

ಸಂಖ್ಯೆಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಇಲ್ಲಿ ಎರರ್ ಬರಲ್ಲ, ತಪ್ಪು ಗ್ರಾಫ್ ಬರತ್ತೆ, ಅದು ಇನ್ನೂ ಅಪಾಯ. ಒಬ್ಬರ ಗ್ರಾಫ್ ಪೂರ್ತಿ ಸರಿಯಾಗಿತ್ತು, ಒಂದು ಕಡೆ ಮಾತ್ರ ಗೆರೆ ಇದ್ದಕ್ಕಿದ್ದ ಹಾಗೆ ಸೊನ್ನೆ ಹತ್ರ ಬಿದ್ದು ಮತ್ತೆ ಮೇಲೆ ಬರ್ತಿತ್ತು, ಅಳತೆ ಮಾಡೋ ಸಾಧನನೇ ಕೆಟ್ಟಿದೆ ಅಂದ್ಕೊಂಡಿದ್ರು. ಪೈಪಲ್ಲಿ ಹೋಗ್ತಿದ್ದನ್ನ ಒಂದು ಫೈಲಿಗೆ ಬರೆಸಿ ಇಬ್ಬರೂ ಕೂತು ಓದಿದ್ವಿ. ಲಿಸ್ಪ್ ಡಬಲ್-ಫ್ಲೋಟ್‌ನ (ಹೆಚ್ಚು ನಿಖರತೆಯ ದಶಮಾಂಶ ಸಂಖ್ಯೆನ) ಪ್ರಿಂಟ್ ಮಾಡುವಾಗ ಮಾಮೂಲಿಯಾಗಿ ಕೊನೆಗೆ ಡಿ ಅಕ್ಷರ ಹಾಕತ್ತೆ. ಮಧ್ಯಮ ಗಾತ್ರದ ಸಂಖ್ಯೆಗೆ ಅದು ಡಿ0, ಅದನ್ನ ಬಿಟ್ಟು ಓದಿದ್ರೂ ಬೆಲೆ ಬದಲಾಗಲ್ಲ. ಆದ್ರೆ ಸಂಖ್ಯೆ 1 ಕೋಟಿ ಮುಟ್ಟಿದ ಕೂಡ್ಲೇ ಲಿಸ್ಪ್ ಘಾತ ರೂಪಕ್ಕೆ ಬದಲಾಗತ್ತೆ, ಒಂದೂವರೆ ಕೋಟಿನ 1.5ಡಿ7 ಅಂತ ಬರೆಯತ್ತೆ, ಗ್ನೂಪ್ಲಾಟ್ ಆ ಡಿನ ಘಾತ ಅಂತ ತಗೊಳ್ಳಲ್ಲ, ಒಂದೂವರೆ ಅಂತ ಓದಿ ಗೆರೆನ ಕೆಳಗಿಳಿಸಿತ್ತು. ಸಾಧನ ಸರಿಯಾಗೇ ಇತ್ತು. ಗ್ನೂಪ್ಲಾಟ್‌ನಲ್ಲಿ ಇದಕ್ಕೆ ಸೆಟ್ ಡೇಟಾಫೈಲ್ ಫೋರ್ಟ್ರಾನ್ ಅಂತ ಸೆಟ್ಟಿಂಗ್ ಇದೆ, ಆದ್ರೆ ಲಿಸ್ಪ್ ಕಡೆನೇ ರೀಡ್-ಡಿಫಾಲ್ಟ್-ಫ್ಲೋಟ್-ಫಾರ್ಮ್ಯಾಟ್‌ನ ಡಬಲ್-ಫ್ಲೋಟ್‌ಗೆ ಬೈಂಡ್ ಮಾಡಿ ಪ್ರಿಂಟ್ ಮಾಡೋದು ಒಳ್ಳೇದು, ಆಗ ಡಿ ಬದಲು ಮಾಮೂಲಿ ಇ ಬರತ್ತೆ. ಹಾಗೇ ಭಿನ್ನರಾಶಿ. ಲಿಸ್ಪ್‌ನಲ್ಲಿ ಒಂದನ್ನ ಮೂರರಿಂದ ಭಾಗಿಸಿದ್ರೆ 1/3 ಅಂತಲೇ ಉಳಿಯತ್ತೆ, ಅದು ಲಿಸ್ಪ್‌ನ ಸೊಗಸು, ಆದ್ರೆ ಡೇಟಾ ಸಾಲಲ್ಲಿ ಹಾಗೇ ಹೋದ್ರೆ ಗ್ನೂಪ್ಲಾಟ್ ಅದನ್ನ ಭಾಗಿಸಿ ನೋಡಲ್ಲ. ಕಳಿಸೋ ಮುಂಚೆ ಎಲ್ಲವನ್ನೂ ಕೋಅರ್ಸ್ ಬಳಸಿ ಡಬಲ್-ಫ್ಲೋಟ್‌ಗೆ ಬದಲಾಯಿಸಿಬಿಡಿ.

ಬೇರೆ ಪ್ರೋಸೆಸ್ ಯಾಕೆ, ಲಿಸ್ಪ್ ಒಳಗೇ ವಿಂಡೋ ತೆರೆಯೋಣ ಅನ್ನೋರೂ ಇದ್ದಾರೆ. ಆಗತ್ತೆ, ಆದ್ರೆ ಎರಡು ಕಡೆ ಪೆಟ್ಟು ತಿಂತೀರ. ಮ್ಯಾಕ್‌ನಲ್ಲಿ ವಿಂಡೋ ಕೆಲಸ ಎಲ್ಲಾ ಮೇನ್ ಥ್ರೆಡ್‌ನಲ್ಲೇ ನಡೀಬೇಕು, ಸ್ಲೈಮ್‌ನಲ್ಲಿ (ಈಮ್ಯಾಕ್ಸ್ ಎಡಿಟರ್ ಒಳಗೆ ಲಿಸ್ಪ್ ಬಳಸೋ ಸಲಕರಣೆ) ನೀವು ಟೈಪ್ ಮಾಡಿದ್ದು ಸಾಮಾನ್ಯವಾಗಿ ಬೇರೆ ಥ್ರೆಡ್‌ನಲ್ಲಿ ಓಡ್ತಿರತ್ತೆ, ಟ್ರಿವಿಯಲ್-ಮೇನ್-ಥ್ರೆಡ್ ತರದ ಲೈಬ್ರರಿ ಇರೋದೇ ಇದಕ್ಕೆ. ಇನ್ನೊಂದು, ಎಸ್‌ಬಿಸಿಎಲ್ ಸೊನ್ನೆಯಿಂದ ಭಾಗಿಸಿದಂಥ ಫ್ಲೋಟ್ ತಪ್ಪುಗಳನ್ನ ಹಿಡಿದು ಎರರ್ ಕೊಡತ್ತೆ, ಸಿ ಭಾಷೆಯಲ್ಲಿ ಬರೆದ ಗ್ರಾಫಿಕ್ಸ್ ಲೈಬ್ರರಿಗಳು ಅಂಥವನ್ನ ಲೆಕ್ಕಕ್ಕೇ ತಗೊಳ್ದೆ ಮುಂದೆ ಹೋಗ್ತವೆ, ಹಾಗಾಗಿ ಆ ಕರೆಗಳ ಸುತ್ತ ಫ್ಲೋಟ್ ಟ್ರ್ಯಾಪ್ ಮಾಸ್ಕ್ ಮಾಡ್ಲೇಬೇಕು, ಅಂದ್ರೆ ಆ ಎರರ್ ಹಿಡಿಯೋದನ್ನ ಅಷ್ಟು ಹೊತ್ತು ನಿಲ್ಲಿಸ್ಬೇಕು. ಬ್ರೌಸರ್ ದಾರಿನೂ ಇದೆ, ಈಗಿನ ಲಿಸ್ಪ್-ಸ್ಟಾಟ್ (ಲಿಸ್ಪ್‌ನ ಅಂಕಿಅಂಶ ಲೈಬ್ರರಿ) ವೇಗಾ-ಲೈಟ್ ಅನ್ನೋ ಗ್ರಾಫ್ ಸಲಕರಣೆ ಬಳಸಿ ಗ್ರಾಫನ್ನ ಬ್ರೌಸರಲ್ಲೇ ತೋರಿಸತ್ತೆ, ಬೇರೆಯವರಿಗೆ ಕಳಿಸೋಕೆ ಅದು ಸಲೀಸು. ಇದರ ಹಿಂದಿನ ತಲೆಮಾರು, ಲ್ಯೂಕ್ ಟಿಯರ್ನಿ ಮಾಡಿದ ಎಕ್ಸ್‌ಲಿಸ್ಪ್-ಸ್ಟಾಟ್‌ನಲ್ಲಿ 1990ರ ಸುಮಾರಿಗೇ ಒಂದು ಗ್ರಾಫಲ್ಲಿ ಬಿಂದುಗಳನ್ನ ಆರಿಸಿದ್ರೆ ಪಕ್ಕದ ಗ್ರಾಫಲ್ಲೂ ಅವೇ ಬಿಂದುಗಳು ಹೊಳೀತಿದ್ವು. ಲಿಸ್ಪ್‌ಗೂ ಇಂಟರಾಕ್ಟಿವ್ ಗ್ರಾಫ್‌ಗೂ ಅಷ್ಟು ಹಳೇ ನಂಟಿದೆ ಅನ್ನೋದು ನನಗೆ ತುಂಬಾ ಖುಷಿ ಕೊಡೋ ವಿಷಯ.

ಪೈಪ್ ದಾರಿಯಲ್ಲೂ ವಿಂಡೋ ನಿಮಗೆ ಉತ್ತರ ಕೊಡಬಲ್ಲದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಪಾಸ್ ಮೌಸ್ ಅಂತ ಕಳಿಸಿ, ಅದರ ಹಿಂದೆಯೇ ಮೌಸ್-ಎಕ್ಸ್ ಮತ್ತು ಮೌಸ್-ವೈ ವೇರಿಯಬಲ್‌ಗಳನ್ನ ಪ್ರಿಂಟ್ ಮಾಡು ಅಂತ ಹೇಳಿ, ನೋಡೋರು ಕ್ಲಿಕ್ ಮಾಡಿದ ಜಾಗ ಪಠ್ಯವಾಗಿ ಹೊರಗೆ ಬರತ್ತೆ, ಲಿಸ್ಪ್ ಅದನ್ನ ರೀಡ್-ಲೈನ್‌ನಿಂದ ಓದಬಹುದು. ಒಂದು ಎಚ್ಚರ, ಗ್ನೂಪ್ಲಾಟ್‌ನ ಪ್ರಿಂಟ್ ಮಾಮೂಲಿಯಾಗಿ ಹೋಗೋದು ಎರರ್ ಔಟ್‌ಪುಟ್‌ಗೆ, ಎರರ್ ಮೆಸೇಜ್‌ಗಳೂ ಅಲ್ಲಿಗೇ. ಹಾಗಾಗಿ ಲಾಂಚ್ ಮಾಡುವಾಗ್ಲೇ ಎರರ್-ಔಟ್‌ಪುಟ್‌ನೂ ಸ್ಟ್ರೀಮ್ ಮಾಡಿ ಇಟ್ಕೊಳ್ಳಿ, ಇಟ್ಕೊಂಡ ಮೇಲೆ ಓದ್ತಾನೂ ಇರಿ, ಯಾರೂ ಓದದೇ ಆ ಪೈಪ್ ತುಂಬಿಹೋದ್ರೆ ಗ್ನೂಪ್ಲಾಟ್ ಬರೆಯೋಕೆ ಜಾಗ ಇಲ್ಲದೆ ನಿಂತುಬಿಡತ್ತೆ, ವಿಂಡೋ ಕಣ್ಣೆದುರೇ ಇದ್ರೂ ಮೌಸ್‌ಗೆ ಅಲ್ಲಾಡಲ್ಲ. ಆ ಸ್ಥಿತಿ ಬಂದಾಗ ನಾನು ಮೊದಲು ನೋಡೋದು ಈ ಸ್ಟ್ರೀಮನ್ನೇ.