ಪೋಕರ್ ಮೇಜಿಗೆ ಹಸಿರು ಬಟ್ಟೆಯೇ ಆಗಬೇಕೇ?

ಪ್ರಶ್ನೆ: ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಆರೇಳು ಜನ ಸೇರಿ ಪೋಕರ್ ಆಡುತ್ತೇವೆ. ಐದು ಸಾವಿರ ರೂಪಾಯಿಯೊಳಗೆ ನಾನೇ ಒಂದು ಮೇಜು ಮಾಡಿಕೊಳ್ಳಬೇಕೆಂದಿದ್ದೇನೆ. ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆಗೇ ಆ ದುಡ್ಡೆಲ್ಲ ಹೋಗುತ್ತದೆ ಎನ್ನುತ್ತಾರೆ. ಅದು ಅಗ್ಗಕ್ಕೆ ಎಲ್ಲಿ ಸಿಗುತ್ತದೆ?

ಉತ್ತರ: ಎಲ್ಲಿಯೂ ಹುಡುಕಬೇಡಿ. ನಿಮಗೆ ಅದು ಬೇಕಾಗಿಯೇ ಇಲ್ಲ.

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಹಲಗೆ ಯಾವುದು, ಅಳತೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಮೊದಲು ಬೇಕಾಗಿರುವುದು ಹಸಿರು ಬಟ್ಟೆ. ಮದುವೆಗೆ ಗಂಡು ಗೊತ್ತಾಗುವ ಮೊದಲೇ ಪೇಟದ ಅಂಗಡಿಗೆ ಹೋದ ಹಾಗೆ. ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆದುಬಿಡುತ್ತೇನೆ. ಮುಂದಿನ ವರ್ಷ ಕೇಳಿದವರಿಗೆ ಇದನ್ನೇ ತೋರಿಸಬಹುದು.

ಬಿಲಿಯರ್ಡ್ಸ್ ಬಟ್ಟೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅದರ ಮುಖ್ಯ ಸರಕು ಉಣ್ಣೆ. ಬಿಲಿಯರ್ಡ್ಸ್ ಕುಲದ್ದೇ ಆಟವಾದ ಸ್ನೂಕರ್ ಮೇಜಿನ ಬಟ್ಟೆಯ ಮೈಮೇಲೆ ನವಿರಾದ ರೋಮವಿರುತ್ತದೆ, ಅದು ಒಂದೇ ದಿಕ್ಕಿಗೆ ಮಲಗಿರುತ್ತದೆ. ರೋಮದ ದಿಕ್ಕಿಗೆ ಹೊಡೆದ ಚೆಂಡಿನ ನಡೆ ಒಂದು ಬಗೆ, ಎದುರು ದಿಕ್ಕಿಗೆ ಹೊಡೆದದ್ದು ಇನ್ನೊಂದು ಬಗೆ ಎಂಬುದು ಆ ಆಟ ಆಡಿದವರಿಗೆಲ್ಲ ಗೊತ್ತು. ಬಟ್ಟೆ ಚೆಂಡನ್ನು ಹಿಡಿಯಬೇಕು. ಹಿಡಿದರೆ ಮಾತ್ರ ಅದು ಜಾರದೆ ಉರುಳುತ್ತದೆ. ಇಸ್ಪೀಟೆಲೆಯ ವಿಷಯ ಇದಕ್ಕೆ ತದ್ವಿರುದ್ಧ. ಪೋಕರ್‌ನಲ್ಲಿ ಹಂಚುವವನು ಕುಳಿತಲ್ಲಿಂದಲೇ ಎಲೆಯನ್ನು ಬೀಸಿ ಕಳಿಸುತ್ತಾನೆ, ಅದು ನೆಲ ಬಿಡದೆ ಜಾರುತ್ತ ಎದುರಿನವನ ಮುಂದೆ ಹೋಗಿ ನಿಲ್ಲಬೇಕು. ಎರಡು ಗ್ರಾಂ ಕೂಡ ತೂಗದ ಎಲೆಯನ್ನು ಆ ಉಣ್ಣೆಯ ರೋಮ ಅರ್ಧ ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ, ಇಲ್ಲವೇ ಅದರ ಅಂಚು ಸಿಕ್ಕಿಕೊಂಡು ಎಲೆ ಮಗುಚುತ್ತದೆ. ಮಗುಚಿದ ಎಲೆ ಯಾವುದೆಂದು ಎಲ್ಲರಿಗೂ ಕಂಡ ಮೇಲೆ ಆ ಸುತ್ತು ಕೆಟ್ಟಂತೆಯೇ.

ಎರಡನೆಯದು ಕಾಫಿ. ಉಣ್ಣೆ ನೀರು ಕುಡಿಯುತ್ತದೆ. ನನ್ನ ಮೊದಲ ಮೇಜಿಗೆ ನಾನೂ ಹಸಿರು ಬಟ್ಟೆಯನ್ನೇ ಹೊದಿಸಿದ್ದೆ, ಒಪ್ಪಿಕೊಳ್ಳುತ್ತೇನೆ. ಮೂರನೆಯ ವಾರವೇ ಒಬ್ಬರ ಮೊಣಕೈ ತಗುಲಿ ಒಂದು ಲೋಟ ಕಾಫಿ ಚೆಲ್ಲಿತು. ಒರೆಸಿದಷ್ಟೂ ಕಲೆ ಹರಡಿ, ಕೊನೆಗೆ ಶ್ರೀಲಂಕಾದ ನಕಾಶೆಯಂತೆ ಉಳಿದುಕೊಂಡಿತು. ಅಡಿಯ ಫೋಮ್ ಒಣಗಲು ಎರಡು ದಿನ ಹಿಡಿಯಿತು, ವಾಸನೆ ಹೋಗಲು ಇನ್ನೂ ಹೆಚ್ಚು.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. ‘ಹಾಗಾದರೆ ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುವ ಹಸಿರು ಫೆಲ್ಟ್ ಹಾಕಬಹುದಲ್ಲವೇ?’ ಎನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು. ಬಿಲಿಯರ್ಡ್ಸ್ ಬಟ್ಟೆಯನ್ನು ಜನ ಫೆಲ್ಟ್ ಎಂದು ಕರೆಯುವುದೇ ತಪ್ಪು. ಅದು ನೇಯ್ದ ಬಟ್ಟೆ. ಫೆಲ್ಟ್‌ನಲ್ಲಿ ನೇಯ್ಗೆಯೇ ಇಲ್ಲ, ಎಳೆಗಳನ್ನು ಒತ್ತಿ ಹಾಳೆ ಮಾಡಿರುತ್ತಾರೆ. ಬಿಗಿಯಾಗಿ ಎಳೆದರೆ ಒಂದು ಕಡೆ ತೆಳ್ಳಗಾಗುತ್ತದೆ, ನಾಲ್ಕು ದಿನ ಕೈ ಉಜ್ಜಿದರೆ ಹಳೆಯ ಸ್ವೆಟರಿನಂತೆ ಗುಂಡುಗುಂಡಾಗಿ ಜುಂಗು ಏಳುತ್ತದೆ. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಅದು ಸರಿ.

ಹಾಗಿದ್ದರೆ ಹಸಿರು ಬಂದದ್ದೆಲ್ಲಿಂದ? ಬಿಲಿಯರ್ಡ್ಸ್ ಮೊದಲು ಯುರೋಪಿನಲ್ಲಿ ಹುಲ್ಲಿನ ಮೇಲೆ ಆಡುತ್ತಿದ್ದ ಆಟ. ಅದು ಮನೆಯೊಳಗಿನ ಮೇಜಿಗೆ ಬಂದಾಗ ಹುಲ್ಲಿನ ನೆನಪಿಗೆ ಹಸಿರು ಬಟ್ಟೆಯೂ ಬಂತು. ಇಸ್ಪೀಟಿನ ಮೇಜುಗಳೂ ಅದೇ ಬಣ್ಣ ಹಿಡಿದವು. ನಮ್ಮ ಕಡೆ ಈ ಬಣ್ಣ ಮನಸ್ಸಿನಲ್ಲಿ ಕೂತದ್ದು ಬ್ರಿಟಿಷರ ಕ್ಲಬ್ಬುಗಳಿಂದ ಎಂದು ನನ್ನ ಊಹೆ. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ, ಜಬಲ್ಪುರದ ಸೇನಾಧಿಕಾರಿಗಳ ಮೆಸ್‌ನಲ್ಲಿ. ಅದರ ನಿಯಮಗಳು ಗಟ್ಟಿಯಾದದ್ದು ಊಟಿಯ ಕ್ಲಬ್ಬಿನಲ್ಲಿ. ದೊಡ್ಡವರ ಆಟಕ್ಕೆ ಹಸಿರು ಮೇಜು ಎಂಬ ನಂಬಿಕೆ ಆಗ ಅಂಟಿದ್ದು ಇನ್ನೂ ಬಿಟ್ಟಿಲ್ಲ. ಹಸಿರೇ ಇಷ್ಟವಾದರೆ ಹಸಿರನ್ನೇ ಕೊಳ್ಳಿ, ನನ್ನದೇನೂ ತಕರಾರಿಲ್ಲ. ಎಲೆ ಜಾರುವುದು ಬಣ್ಣದಿಂದಲ್ಲ ಎಂಬುದಷ್ಟೇ ನನ್ನ ಮಾತು.

ನಿಮಗೆ ಬೇಕಾದದ್ದು ಒತ್ತಾಗಿ ನೇಯ್ದ, ರೋಮವಿಲ್ಲದ ಪಾಲಿಯೆಸ್ಟರ್ ಬಟ್ಟೆ. ಪೋಕರ್ ಮೇಜಿಗೆಂದೇ ‘ಸ್ಪೀಡ್ ಕ್ಲಾತ್’ ಎಂಬ ಹೆಸರಿನಲ್ಲಿ ಮಾರುವುದೂ ಪಾಲಿಯೆಸ್ಟರೇ. ಅದಕ್ಕೆ ನೀರು ಹಿಡಿಯದ ಲೇಪನ ಕೊಟ್ಟಿರುತ್ತಾರೆ. ಬಜೆಟ್ ಚಿಕ್ಕದಾದರೆ ಸೋಫಾ ಬಟ್ಟೆಯ ಅಂಗಡಿಗೆ ಹೋಗಿ. ಜೇಬಿನಲ್ಲಿ ಒಂದು ಕಟ್ಟು ಇಸ್ಪೀಟು, ಕೈಯಲ್ಲಿ ನೀರಿನ ಬಾಟಲಿ ಇರಲಿ. ಥಾನನ್ನು ಕೌಂಟರಿನ ಮೇಲೆ ಬಿಡಿಸಲು ಹೇಳಿ, ಒಂದು ಎಲೆಯನ್ನು ಬೀಸಿ ನೋಡಿ: ಉದ್ದಕ್ಕೂ, ಅಡ್ಡಕ್ಕೂ. ಎರಡು ಕಡೆಯೂ ಒಂದೇ ರೀತಿ ಜಾರಬೇಕು. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಆಮೇಲೆ ಅವರನ್ನು ಕೇಳಿ ಮಾದರಿ ತುಂಡೊಂದರ ಮೇಲೆ ನಾಲ್ಕು ಹನಿ ನೀರು ಹಾಕಿ. ಕರವಸ್ತ್ರ ತೆಗೆಯುವಷ್ಟು ಹೊತ್ತು ಹನಿ ಮೇಲೆಯೇ ಮಣಿಯಂತೆ ನಿಂತರೆ ಅದೇ ನಿಮ್ಮ ಬಟ್ಟೆ. ಬೆರಳಾಡಿಸಿದರೆ ಗೆರೆ ಮೂಡುವ ಸ್ಯೂಡ್ ನೋಡಲು ಚೆಂದ, ಆದರೆ ಅದಕ್ಕೂ ರೋಮವಿದೆ, ಬೇಡ.

ಇನ್ನು ಮೇಜು. ಇದು ನಿಜವಾಗಿ ಸುಲಭದ ಭಾಗ. ಕಾಲುಗಳ ಗೊಡವೆಗೆ ಹೋಗದೆ, ಊಟದ ಮೇಜಿನ ಮೇಲಿಟ್ಟು ಆಡಿ, ಆಟ ಮುಗಿದ ಮೇಲೆ ಮಂಚದ ಕೆಳಗೆ ತಳ್ಳುವ ಮೇಲ್ಹಲಗೆ ಮಾಡಿಕೊಳ್ಳಿ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ ಬರುತ್ತದೆ. ಅರ್ಧ ಹಾಳೆ, ಅಂದರೆ 4 ಅಡಿ ಚೌಕ, 12 ಮಿಲಿಮೀಟರ್ ದಪ್ಪದ್ದು ಸಾಕು. ಅಂಗಡಿಯವರು ನೀರಿನಲ್ಲಿ ಮುಳುಗಿದರೂ ಹಾಳಾಗದ ಮರೈನ್ ದರ್ಜೆಯನ್ನು ಹೊಗಳುತ್ತಾರೆ. ನೀವು ದೋಣಿ ಕಟ್ಟುತ್ತಿಲ್ಲ, ಮನೆಯೊಳಗಿನ ತೇವವನ್ನಷ್ಟೇ ತಡೆಯುವ ಎಂ.ಆರ್. ದರ್ಜೆ ಕೇಳಿ.

ಚೌಕವನ್ನು ಎಂಟು ಮೂಲೆ ಮಾಡಲು ಲೆಕ್ಕ ಬರಬೇಕಾಗಿಲ್ಲ. ಮೂಲೆಯಲ್ಲೊಂದು ಮೊಳೆ ಹೊಡೆದು, ಅದಕ್ಕೆ ಕಟ್ಟಿದ ದಾರವನ್ನು ಹಲಗೆಯ ನಟ್ಟನಡುವಿನವರೆಗೆ ಎಳೆದು, ಅದೇ ಉದ್ದವನ್ನು ಆ ಮೂಲೆಯ ಎರಡೂ ಅಂಚಿನ ಮೇಲೆ ಗುರುತು ಮಾಡಿ. ನಾಲ್ಕು ಮೂಲೆಗೂ ಹೀಗೆ ಮಾಡಿದರೆ ಎಂಟು ಗುರುತು. ಒಂದೊಂದು ಮೂಲೆಯ ಅಕ್ಕಪಕ್ಕದ ಎರಡು ಗುರುತು ಸೇರಿಸಿ ಕೊಯ್ದರಾಯಿತು. ಪ್ರತಿ ಬದಿಯೂ ಸುಮಾರು 20 ಅಂಗುಲ ಬರುತ್ತದೆ. ಇಲ್ಲೊಂದು ಎಚ್ಚರಿಕೆ: ಎಂಟು ಬದಿ ಇದೆಯೆಂದು ಎಂಟು ಜನರನ್ನು ಕರೆಯಬೇಡಿ. ಮೊಣಕೈ ಇಟ್ಟು ಕೂರಲು ಒಬ್ಬರಿಗೆ 24 ಅಂಗುಲವಾದರೂ ಬೇಕು. ಸುತ್ತಳತೆ 159 ಅಂಗುಲವಾದ್ದರಿಂದ ಆರು ಜನ ಆರಾಮ, ಏಳನೆಯವರು ಸ್ವಲ್ಪ ಒತ್ತಿಕೊಂಡು.

ಅದರ ಮೇಲೆ 6 ಮಿಲಿಮೀಟರ್ ದಪ್ಪದ ಎರಡು ಯೋಗ ಚಾಪೆ, ನಡುವೆ ಅಂಚಿಗೆ ಅಂಚು ಕೂಡಿಸಿ ಅಂಟಿಸಿ. ಮೆತ್ತಗಿರಲಿ ಎಂದು ಹಾಸಿಗೆಯ ಫೋಮ್ ಹಾಕಿದರೆ ಪಣಕ್ಕೆ ಇಡುವ ಚಿಪ್ ಬಿಲ್ಲೆಗಳ ಗೋಪುರ ನಿಲ್ಲುವುದಿಲ್ಲ. ಸೋಫಾ ಬಟ್ಟೆಯ ಅಗಲ ಸಾಮಾನ್ಯವಾಗಿ 54 ಅಂಗುಲ, ಹಲಗೆ 48. ಸುತ್ತ ಮೂರು ಅಂಗುಲ ಉಳಿಯುತ್ತದೆ. ಮಡಚಿ ಅಡಿಯಲ್ಲಿ ಸ್ಟೇಪಲ್ ಹೊಡೆಯಲು ಸರಿಯಾಗಿ ಸಾಕು. ಒಂದು ತುದಿಯಿಂದ ಹೊಡೆಯುತ್ತ ಬರಬೇಡಿ. ಒಂದು ಬದಿಯ ನಡುವೆ ಒಂದು, ಎದುರು ಬದಿಯ ನಡುವೆ ಒಂದು, ಹೀಗೆ ಎದುರುಬದುರಾಗಿ ಎಳೆದು ಬಿಗಿಯಿರಿ. ಮಂಚಕ್ಕೆ ನವಾರು ಬಿಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಟ್ಟೆಗೆ ಮಾತ್ರ ಅಂಟು ಹಚ್ಚಬೇಡಿ. ನಾಳೆ ಹರಿದರೆ ಸ್ಟೇಪಲ್ ಕಿತ್ತು ಬೇರೆ ಬಟ್ಟೆ ಹಾಕಬಹುದು. ಊಟದ ಮೇಜಿಗೂ ಇದಕ್ಕೂ ನಡುವೆ ಜಾರದ ರಬ್ಬರ್ ಜಾಲರಿ ಹಾಸಿ. ನನ್ನ ಲೆಕ್ಕದಲ್ಲಿ ಇಷ್ಟಕ್ಕೂ ಮೂರು ಸಾವಿರದ ಆಸುಪಾಸು. ಚಿಪ್ ಬಿಲ್ಲೆಗಳಿಗೆ ದುಡ್ಡು ಸಾಲದಿದ್ದರೆ ಹುಣಸೆ ಬೀಜ ಇದ್ದೇ ಇದೆ.

ಬರೆಯುತ್ತ ಇನ್ನೊಂದು ವಿಷಯ ತಲೆಗೆ ಬಂತು. ಬರೀ ಗಾಜಿನ ಮೇಲೆ ಎಲೆ ಚೆನ್ನಾಗಿಯೇ ಜಾರುತ್ತದಲ್ಲ, ಅಲ್ಲಿ ಏಕೆ ಆಡಬಾರದು? ಎತ್ತಲಾಗುವುದಿಲ್ಲ, ಅದಕ್ಕೆ. ಗಟ್ಟಿ ಮೈಗೆ ಅಂಟಿಕೊಂಡ ಎಲೆಯ ಅಂಚಿನಡಿಗೆ ಉಗುರು ಹೋಗುವುದಿಲ್ಲ. ಮೇಲ್ಮೈ ಒಂದಿಷ್ಟು ತಗ್ಗಬೇಕು. ಯೋಗ ಚಾಪೆಯ ಕೆಲಸ ಅದೇ. ನಮ್ಮ ಹಿರಿಯರು ಇದನ್ನು ಯಾರಿಂದಲೂ ಕೇಳದೆ ಬಗೆಹರಿಸಿಕೊಂಡಿದ್ದರು. ಮದುವೆ ಮನೆಯಲ್ಲಿ ಊಟವಾದ ಮೇಲೆ ನಡುಮನೆಯಲ್ಲಿ ರಮ್ಮಿಗೆ ಕೂರುವಾಗ ಬರೀ ನೆಲದ ಮೇಲೆ ಎಲೆ ಹಾಕಿದವರನ್ನು ನಾನು ಕಂಡಿಲ್ಲ. ಮೊದಲು ಜಮಖಾನ ಬರುತ್ತಿತ್ತು. ನವಲಗುಂದದ ಜಮಖಾನವನ್ನು ಮುಟ್ಟಿ ನೋಡಿ: ದಪ್ಪ ಹತ್ತಿ, ಬಿಗಿ ನೇಯ್ಗೆ, ಬೆರಳೊತ್ತಿದರೆ ಎಲೆಯ ಅಂಚು ತಾನೇ ಮೇಲೇಳುತ್ತದೆ. ಎಲೆ ಅದರ ಮೇಲೆ ಜಾರುವುದಿಲ್ಲ, ನಿಜ. ಆದರೆ ರಮ್ಮಿಯಲ್ಲಿ, ಇಪ್ಪತ್ತೆಂಟರ ಆಟದಲ್ಲಿ ಎಲೆಯನ್ನು ದೂರಕ್ಕೆ ಬೀಸುವವರು ಯಾರು? ಎಲ್ಲರೂ ಮಂಡಿಗೆ ಮಂಡಿ ತಾಗುವಂತೆ ಕೂತಿರುತ್ತಾರೆ, ಕೈ ಚಾಚಿ ಮುಂದಿಟ್ಟರಾಯಿತು.

ಹಾಗಾಗಿ ನಿಮ್ಮ ಗುಂಪು ಪೋಕರ್ ಎಂದು ಶುರುಮಾಡಿ ಅರ್ಧ ಗಂಟೆಯಲ್ಲಿ ರಮ್ಮಿಗೆ ಇಳಿಯುವ ಜಾತಿಯದ್ದಾದರೆ (ಹೆಚ್ಚಿನವು ಅದೇ ಜಾತಿ), ಮೂರು ಸಾವಿರವನ್ನೂ ಖರ್ಚು ಮಾಡಬೇಡಿ. ಅಟ್ಟದಿಂದ ಜಮಖಾನ ಇಳಿಸಿ, ಹೊರಗೆ ತೆಗೆದುಕೊಂಡು ಹೋಗಿ ಕೊಡವಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡಿ.